ಥ್ರಸ್ಟರ್ ಸುದ್ದಿಯಲ್ಲಿ ಕ್ಯಾಥೋಡ್ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

2025ರ ಮಾರ್ಚ್‌ನಲ್ಲಿ ಇಸ್ರೋದ 300 ಮಿಲಿನ್ಯೂಟನ್ ತಳ್ಳುಬಲದ ಪ್ಲಾಸ್ಮಾ ಥ್ರಸ್ಟರ್ (ವಿದ್ಯುತ್ ಬಳಸಿ ಉಪಗ್ರಹವನ್ನು ತಳ್ಳುವ ಎಂಜಿನ್) 1,000 ಗಂಟೆ ಓಡಿದ ಸುದ್ದಿ ಓದಿ ತುಂಬಾ ಖುಷಿಪಟ್ಟವನು ನಾನು. ಆದರೆ ಅದರ ಜೊತೆಗಿರುವ ಹೆಬ್ಬೆರಳು ಗಾತ್ರದ ಕೊಳವೆ, ಅಂದರೆ ಹಾಲೋ ಕ್ಯಾಥೋಡ್, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಅದು ಹೊತ್ತಿಕೊಳ್ಳದಿದ್ದರೆ ಆ ಥ್ರಸ್ಟರ್ ಸುಮ್ನೆ ಲೋಹದ ಡಬ್ಬ, ಅಷ್ಟೆ.

ಎಲೆಕ್ಟ್ರಾನ್ ಕೊಡುವುದು ಅದರ ಕೆಲಸ. ಒಂದಷ್ಟು ಎಲೆಕ್ಟ್ರಾನ್ ಥ್ರಸ್ಟರ್ ಒಳಗೆ ಹೋಗಿ ಕ್ಸೆನಾನ್ ಅನಿಲವನ್ನು ಅಯಾನು, ಅಂದರೆ ಚಾರ್ಜ್ ಇರುವ ಕಣ, ಮಾಡುತ್ತವೆ. ಉಳಿದವು ಹಿಂದಕ್ಕೆ ಚಿಮ್ಮುವ ಅಯಾನುಗಳ ಜೊತೆ ಸೇರಿ ಉಪಗ್ರಹದ ಮೇಲೆ ಚಾರ್ಜ್ ಕೂಡದಂತೆ ನೋಡಿಕೊಳ್ಳುತ್ತವೆ. ಕೊಳವೆಯೊಳಗೆ ಬಿಸಿಯಾದಾಗ ಎಲೆಕ್ಟ್ರಾನ್ ಹೊಮ್ಮಿಸುವ ಒಂದು ತುಂಡು, ಅಂದರೆ ಇನ್ಸರ್ಟ್, ಇರುತ್ತದೆ: ಬೇರಿಯಂ ತುಂಬಿದ ಟಂಗ್‌ಸ್ಟನ್, ಇಲ್ಲವೇ ಲ್ಯಾಂಥನಮ್ ಹೆಕ್ಸಾಬೋರೈಡ್. ಬೇರಿಯಂದಕ್ಕೆ ಸುಮಾರು 1,000 ಡಿಗ್ರಿ ಸಾಕು, ಆದರೆ ಗಾಳಿ, ತೇವ ಸೋಕಿದರೆ ಕೆಟ್ಟುಹೋಗುತ್ತದೆ. ಲ್ಯಾಂಥನಮ್‌ದು ಗಟ್ಟಿ ಪಿಂಡ, ಆದರೆ ಅದಕ್ಕೆ 1,600 ಡಿಗ್ರಿ ಹತ್ತಿರ ಬಿಸಿ ಬೇಕು.

ಇಂಥವನ್ನು ಪರೀಕ್ಷಿಸುವ ವ್ಯಾಕ್ಯೂಮ್ ಚೇಂಬರ್, ಅಂದರೆ ಗಾಳಿ ತೆಗೆದ ಪೆಟ್ಟಿಗೆ, ಅದನ್ನು ಬಹಳ ವರ್ಷ ನೋಡಿಕೊಳ್ಳುತ್ತಿದ್ದವನು ನಾನು. ಒಂದು ಮಳೆಗಾಲ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಟಕಿಯಿಂದ ನೋಡಿದರೆ ಕ್ಯಾಥೋಡ್‌ನ ಎಳ್ಳಿನಷ್ಟು ತೂತು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಹೀಟರ್ ಚೆನ್ನಾಗಿತ್ತು, ಅನಿಲವೂ ಹರಿಯುತ್ತಿತ್ತು, ಆದರೆ ಕೀಪರ್ (ಕ್ಯಾಥೋಡ್ ಹೊತ್ತಿಸಲು ಅದರ ಮುಂದೆ ಇರುವ ಎಲೆಕ್ಟ್ರೋಡ್) ಕರೆಂಟ್ ಮಾತ್ರ ಏರಲೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅನಿಲದ ಪೈಪನ್ನು ಬಿಸಿ ಮಾಡಿ ಒಣಗಿಸದೆ ಹಾಗೇ ಜೋಡಿಸಿದ್ದೆವು. ಅದರ ಗೋಡೆಗೆ ಅಂಟಿದ್ದ ತೇವ ಇನ್ಸರ್ಟನ್ನು ತಿಂದುಹಾಕಿತ್ತು. ಮೂರು ವಾರದ ಕೆಲಸ ಮಣ್ಣುಪಾಲು. ಇಂಥ ಪಾಠ ಪುಸ್ತಕ ಓದಿ ಬರುವುದಿಲ್ಲ, ಕೈಯಾರೆ ಮಾಡಿಯೇ ಬರಬೇಕು, ಅಲ್ವಾ?

ಅದಕ್ಕೇ ಈ ಪತ್ರ. ಪೂರ್ತಿ ಥ್ರಸ್ಟರ್ ಓಡಿಸಲು ದೊಡ್ಡ ಚೇಂಬರ್ ಬೇಕು, ದೊಡ್ಡ ಪಂಪ್ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ಕ್ಯಾಥೋಡ್ ಒಂದನ್ನೇ ಪರೀಕ್ಷಿಸಲು ಅಷ್ಟೆಲ್ಲ ಬೇಡ. ನೀರಿನ ಡ್ರಮ್‌ನಷ್ಟು ಚೇಂಬರ್, ಎದುರಿಗೆ ಆನೋಡ್ ಆಗಿ ಒಂದು ಲೋಹದ ತಟ್ಟೆ, ಒಳ್ಳೆಯ ಪಂಪ್, ಕರೆಂಟ್ ಹೋದರೂ ನಿಲ್ಲದ ಸಪ್ಲೈ, ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ನಮ್ಮ ನಾಲ್ಕೈದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರಾಜ್ಯ ಸರ್ಕಾರ ಇಂಥ ಪರೀಕ್ಷಾ ಬೆಂಚ್ ಹಾಕಿಸಿಕೊಡಲಿ. ಸಣ್ಣ ಕಂಪನಿಗಳಿಗೂ ಅದನ್ನು ಬಾಡಿಗೆಗೆ ಕೊಡಲಿ.

ಮಾಡುವವರು ಇಲ್ಲೇ ಇದ್ದಾರೆ. ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ಹೀಟರ್ ಇಲ್ಲದೆಯೇ ಹೊತ್ತಿಕೊಳ್ಳುವ ಹಾಲೋ ಕ್ಯಾಥೋಡ್ ಮಾಡಿ, 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಪೋಯೆಮ್-3ರಲ್ಲಿ (ರಾಕೆಟ್‌ನ ಕೊನೆಯ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗಕ್ಕೆ ಬಳಸುವ ವೇದಿಕೆ) ಕಳಿಸಿತ್ತು. ಹೀಟರೇ ಇಲ್ಲದಿದ್ದರೆ ಅದು ಸುಟ್ಟುಹೋಗುವ ಭಯವೂ ಇಲ್ಲ.

ಬಾಕಿ ಇರುವುದು ಗಂಟೆಗಳ ಲೆಕ್ಕ. 1,000 ಗಂಟೆ ಅಂದರೆ 42 ದಿನ. ಅಮೆರಿಕದ ನಾಸಾದ ಪ್ರಯೋಗಾಲಯ ಜೆಪಿಎಲ್‌ನಲ್ಲಿ ಡೀಪ್ ಸ್ಪೇಸ್-1 ನೌಕೆಯ ಬದಲಿ ಅಯಾನು ಎಂಜಿನ್ 30,352 ಗಂಟೆ ಓಡಿತ್ತು, 2003ರಲ್ಲಿ ಅದನ್ನು ಅವರೇ ನಿಲ್ಲಿಸಿದರು. ಮೂರೂವರೆ ವರ್ಷದಷ್ಟು ಹೊತ್ತು! ನಮ್ಮ ಹುಡುಗರ ಕ್ಯಾಥೋಡ್‌ಗೂ ಅಷ್ಟು ದಿನ ಬಿಡದೆ ಉರಿಯಲು ಒಂದು ಜಾಗ ಬೇಕು. ಈ ವರ್ಷವೇ ಒಂದು ಕಾಲೇಜಿನಿಂದ ಶುರುವಾಗಲಿ.

– ನಿವೃತ್ತ ಟೆಕ್ನಿಷಿಯನ್, ಬೆಂಗಳೂರು