ಉಗಾಂಡದ ಕಂಪಾಲದಲ್ಲಿರುವ ತಮ್ಮನ ಮಗಳಿಗೆ

ಉಡುಪಿ

ಚಿ. ಮಂಜುಳಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ರೂಮು, ಊಟ, ಸಂಬಳದ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಮೊದಲೇ ಹೇಳಿದ್ದ. ಅವನಿಗೆ ಹೇಳದೆ ನನಗೆ ಮಾತ್ರ ಬರೆದೆಯಲ್ಲ, ಆ ಒಂದು ಸಾಲು ನಿದ್ದೆಗೆಡಿಸಿತು. "ನಾನು ಕೇಳಿಸಿಕೊಂಡದ್ದೇ ತಪ್ಪಾಗಿ ಯಾರ ಜೀವಕ್ಕಾದರೂ ಕುತ್ತು ಬಂದರೆ?"

ಆ ಅಜ್ಜಿ ತನ್ನ ಬಿಪಿ ಮಾತ್ರೆಯನ್ನು "ಸ್ಸಾವ ಬ್ಬಿರಿ"ಗೆ ತೆಗೆದುಕೊಳ್ಳುತ್ತೇನೆ ಎಂದಳು, ನೀನು ಎರಡು ಗಂಟೆ ಎಂದು ಬರೆದೆ, ಮೇಲಿನ ಸಿಸ್ಟರ್ ನೋಡಿ ಎಂಟು ಎಂದು ತಿದ್ದಿದರು. ಏನೂ ಆಗಲಿಲ್ಲ. ಆದರೂ ಅಂದಿನಿಂದ ನೀನು ಒಂದೊಂದು ಮಾತಿಗೂ ಇನ್ನೊಬ್ಬರನ್ನು ಕರೆಯುತ್ತೀಯ, ನೀನಾಗಿ ಅಲ್ಲಿಯವರ ಲುಗಾಂಡ ಭಾಷೆ ಆಡುವುದನ್ನೇ ಬಿಟ್ಟಿದ್ದೀಯ.

ಪದಗಳ ಪಟ್ಟಿ ಬಾಯಿಪಾಠ ಮಾಡಿದವಳು ಹಾಗೆ ಬರೆದದ್ದರಲ್ಲಿ ಆಶ್ಚರ್ಯವೇನಿದೆ? ಸ್ಸಾವ ಗಂಟೆ, ಬ್ಬಿರಿ ಎರಡು. ಇಂಗ್ಲಿಷ್ ಅರ್ಥದ ಆ ಪಟ್ಟಿಯಲ್ಲಿ ಇದ್ದದ್ದು ಅಷ್ಟೇ. ಅಲ್ಲಿ ಗಂಟೆ ಎಣಿಸುವುದು ನಡುರಾತ್ರಿಯಿಂದಲ್ಲ, ಬೆಳಗಾದಲ್ಲಿಂದ. ಭೂಮಧ್ಯರೇಖೆಯ ದೇಶವಲ್ಲವೇ, ವರ್ಷವಿಡೀ ಸೂರ್ಯ ಹುಟ್ಟುವ ಹೊತ್ತು ಅಷ್ಟಾಗಿ ಬದಲಾಗುವುದೇ ಇಲ್ಲ. ನಮ್ಮ ಬೆಳಗಿನ ಏಳು ಅವರಿಗೆ ಸ್ಸಾವ ಎಮು, ಅಂದರೆ ಒಂದು; ಎಂಟು ಸ್ಸಾವ ಬ್ಬಿರಿ. ಮಧ್ಯಾಹ್ನದ ಎರಡು ಗಂಟೆ ಬೇಕಿದ್ದರೆ ಸ್ಸಾವ ಮುನಾನ, ಅಂದರೆ ಎಂಟು ಎನ್ನಬೇಕು. ಕತ್ತಲಾದ ಮೇಲೆ ಮತ್ತೆ ಒಂದರಿಂದ ಶುರು, ಹಾಗಾಗಿ ರಾತ್ರಿಯ ಎಂಟೂ ಸ್ಸಾವ ಬ್ಬಿರಿಯೇ. ಬೆಳಗಿನದಾದರೆ ಎಜೋಕು ಮಾಕ್ಯ, ರಾತ್ರಿಯದಾದರೆ ಎಜೆಕಿರೊ ಎಂದು ಸೇರಿಸುತ್ತಾರೆ. ಅಜ್ಜಿ ಸೇರಿಸದಿದ್ದರೆ ನೀನು ಕೇಳಲೇಬೇಕು. ನಮ್ಮ ಪಂಚಾಂಗದ ಘಳಿಗೆಯೂ ಸೂರ್ಯೋದಯದಿಂದಲೇ ಎಣಿಕೆಯಲ್ಲವೇ? ನಿನ್ನ ಮುತ್ತಜ್ಜ "ಉದಯಕ್ಕೆ ಐದು ಘಳಿಗೆ" ಎಂದರೆ ಮನೆಯಲ್ಲಿ ಯಾರೂ ಬೆಳಗಿನ ಜಾವ ಐದಕ್ಕೆ ಎದ್ದು ಕೂರುತ್ತಿರಲಿಲ್ಲ.

ಆದರೆ ಗಂಟೆಯ ಲೆಕ್ಕವೊಂದು ತಿಳಿದ ಮಾತ್ರಕ್ಕೆ ನಿನ್ನ ಭಯ ಹೋಗುವುದಿಲ್ಲ, ಗೊತ್ತು. ಇವತ್ತು ಗಂಟೆ, ನಾಳೆ ಇನ್ನೊಂದು. ಓಲುಬುಟೊ ಎಂದರೆ ಹೊಟ್ಟೆ ಎಂದು ನೀನು ಕಳಿಸಿದ ಹಾಳೆಯಲ್ಲಿದೆ. "ಓಲುಬುಟೊ ಲುನ್ನುಮ" ಎಂದರೆ ಹೊಟ್ಟೆನೋವು, ಸರಿ. "ಎನ್ಡಿ ಲುಬುಟೊ" ಎಂದರೆ ತಾನು ಬಸುರಿ ಎಂದು! ಔಷಧಿ ಕೊಡುವ ಕೈಗೆ ಇವೆರಡರ ನಡುವಿನ ಅಂತರ ಎಷ್ಟೆಂದು ನಿನಗೆ ಹೇಳಬೇಕಾಗಿಲ್ಲ. ಹಾಗೆಯೇ ಲುಮ ಎಂಬ ಒಂದೇ ಮಾತು ಕಚ್ಚುವುದಕ್ಕೂ ಹೌದು, ನೋಯುವುದಕ್ಕೂ ಹೌದು. ಓಮುಟ್ವೆ ಗುನ್ನುಮ, ತಲೆನೋವು. ಎಂಜಾಲ ಎನ್ನುಮ ಎಂದರೆ ಹಸಿವು ಕಚ್ಚುತ್ತಿದೆ ಅಂತ, ಪಾಪ, ಹಸಿವಾಗಿದೆ ಅಷ್ಟೇ. ಅದಕ್ಕೆ ಮಾತ್ರೆ ಕೊಟ್ಟುಬಿಟ್ಟೀಯ! ನಗು ಬರಲಿ ಎಂದು ಬರೆದೆ. ಬಂತೋ ಇಲ್ಲವೋ.

ನಾನು ಅಲ್ಲಿಯ ಮಸಾಕಾ ಊರಿನಲ್ಲಿ ಕಂಪೌಂಡರ್ ಆಗಿದ್ದಾಗ ನನಗೆ ಈ ಭಯ ಇರಲಿಲ್ಲ. ಇಲ್ಲದಿರಲು ಕಾರಣ ಒಳ್ಳೆಯದಲ್ಲ. ಕೌಂಟರಿನಲ್ಲಿ ಜೊತೆಗೆ ಅಲ್ಲಿಯವನೇ ಒಬ್ಬ ಹುಡುಗನಿದ್ದ, ಇಂಗ್ಲಿಷ್ ಬಲ್ಲವನು. ಹಳ್ಳಿಯಿಂದ ನಡೆದು ಬಂದ ಹೆಂಗಸರು ಮೊಣಕಾಲೂರಿ ನಮಸ್ಕಾರ ಹೇಳಿ, ರಾತ್ರಿ ಹೇಗೆ ಕಳೆದಿರಿ, ಮನೆಯವರು ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ, ಆಮೇಲೆ ತಮ್ಮ ಕಷ್ಟ ಹೇಳುತ್ತಿದ್ದರು. ಕೈಯಾಡಿಸಿ, ದನಿ ಇಳಿಸಿ, ಮಗುವನ್ನು ತೋರಿಸಿ, ತುಂಬ ಹೊತ್ತು. ಎಲ್ಲ ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿ "ಫೀವರ್" ಎನ್ನುತ್ತಿದ್ದ. ಓಮುಸುಜ್ಜ. ಜ್ವರಕ್ಕೂ ಅದೇ, ಮಲೇರಿಯಾಕ್ಕೂ ಬಹುತೇಕ ಅದೇ; ಬಿಡಿಸಿ ಹೇಳಬೇಕಾದಾಗ ಸೊಳ್ಳೆಯ ಜ್ವರ ಎನ್ನುತ್ತಾರೆ. ನಾನು ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುತ್ತಿದ್ದೆ. ಅಷ್ಟು ಹೊತ್ತು ಅವಳು ಇನ್ನೇನು ಹೇಳಿದಳು ಎಂದು ನಾನು ಕೇಳಲಿಲ್ಲ. ಸಾಲು ಉದ್ದವಿರುತ್ತಿತ್ತು ಎನ್ನುವುದು ನೆಪ. ಮಂಗಳವಾರ, ಶುಕ್ರವಾರ ಸಾಲೇ ಇರುತ್ತಿರಲಿಲ್ಲ.

ನಮ್ಮವರಲ್ಲಿ ಬಹಳ ಜನರ ಲುಗಾಂಡ ಆಗ ಲೇಟ, ಗೆಂಡ, ಯಂಗುವ ಎಂಬಲ್ಲಿಗೇ ಮುಗಿಯುತ್ತಿತ್ತು. ತಾ, ಹೋಗು, ಬೇಗ. 1972ರ ಆಗಸ್ಟಿನಲ್ಲಿ ಅಲ್ಲಿಯ ಸರ್ವಾಧಿಕಾರಿ ಇದಿ ಅಮೀನ್ ನಮ್ಮಂಥವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ ಹೊರಟು ಬಂದೆವು. ಆ ಹುಡುಗ ಬಸ್ಸಿನ ತನಕ ಬಂದು ಏನೇನೋ ಹೇಳಿದ, ಗಾಬರಿಗೋ ಏನೋ ಅವನ ಇಂಗ್ಲಿಷ್ ಅವತ್ತು ಮಾಯವಾಗಿತ್ತು. ಅನುವಾದ ಮಾಡಿ ಹೇಳಬೇಕಾದವನು ಅವನೇ ಆಗಿದ್ದನಲ್ಲ. ನಾನು "ವೇಬಲೆ, ವೇಬಲೆ" ಎಂದೆ. ಇಬ್ಬರ ಕೆಲಸಕ್ಕೂ ಸೇರಿ ಆ ಒಂದು ಉಪಕಾರಸ್ಮರಣೆಯೇ.

ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ. ಕುತ್ತು ಬಂದರೆ ಎಂದು ಕೇಳಿದೆ. ಬರುವುದೇ ಇಲ್ಲ ಎಂದು ನಾನು ಬರೆದು ಕೊಡಲಾರೆ. ಆದರೆ ಬಾಯಿ ಮುಚ್ಚಿಕೊಂಡರೆ ಬರುವುದಿಲ್ಲ ಎಂದು ನಂಬಿದ್ದೀಯಲ್ಲ, ಅದು ನನಗೆ ಇನ್ನೂ ಹೆಚ್ಚು ಹೆದರಿಕೆ. ನಡುವೆ ನಿಂತವನು ಬಿಟ್ಟದ್ದು ನಿನಗೆ ಗೊತ್ತೇ ಆಗುವುದಿಲ್ಲ. ನೀನೇ ತಪ್ಪು ಕೇಳಿಸಿಕೊಂಡರೆ ಅಜ್ಜಿಯ ಮುಖವಾದರೂ ಹೇಳುತ್ತದೆ.

"ಸ್ಸಿಟೆಗೆಡ್ಡೆ" ಎಂದು ಹೇಳಲು ಕಲಿತಿದ್ದೀಯಾ? ನನಗೆ ಅರ್ಥವಾಗಲಿಲ್ಲ ಅಂತ. ನಿನ್ನ ಪಟ್ಟಿಯಲ್ಲಿ ಹಣ್ಣು, ಪ್ರಾಣಿ, ಬಣ್ಣ ಎಲ್ಲ ಇವೆ, ಇದಿಲ್ಲ. "ಡ್ಡಾಮು" ಎಂದರೆ ಇನ್ನೊಮ್ಮೆ ಹೇಳು. "ಂಪೋಲ ಂಪೋಲ", ನಿಧಾನ ನಿಧಾನ. ಹಿಂದೆ ಮುಂದೆ "ನ್ಯಾಬೊ" ಎಂದು ಸೇರಿಸು, ಅಮ್ಮಾ ಎಂದ ಹಾಗೆ, ಗಂಡಸರಿಗೆ ಸ್ಸೆಬೊ. ವಂದನೆಗಳನ್ನು ಪೂರ್ತಿ ಮುಗಿಸದೆ ರೋಗಕ್ಕೆ ಹಾರಬೇಡ. ಡ್ಯೂಟಿಯ ಗಡಿಬಿಡಿ ನನಗೇನು ಗೊತ್ತು ಎನ್ನಬೇಡ, ಗೊತ್ತು.

ಇನ್ನೊಂದು. ಆ ಹಾಳೆಯ ಇಂಗ್ಲಿಷ್ ಅಕ್ಷರ ನೋಡಿ ಉಚ್ಚಾರ ಕಲಿಯಬೇಡ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆದುಕೊ. ಅವರ ಭಾಷೆಯಲ್ಲಿ ಒತ್ತು, ದೀರ್ಘ ಎರಡೂ ಅರ್ಥ ಬದಲಿಸುತ್ತವೆ. ಓಕುಕೊಲ ಎಂದರೆ ಕೆಲಸ ಮಾಡುವುದು, ಓಕುಕೋಲ ಎಂದರೆ ಕಳೆ ಕೀಳುವುದು. ಓಕುಟ ಬಿಡುವುದು, ಓಕುಟ್ಟ ಕೊಲ್ಲುವುದು. ಹೊರಗಿನವರಿಗೆ ಈ ಒತ್ತು ಕಿವಿಗೇ ಬೀಳುವುದಿಲ್ಲ. ಹುಟ್ಟಿದಲ್ಲಿಂದ ಒತ್ತಕ್ಷರ ಬರೆದವಳಿಗೆ ಬೀಳಲೇಬೇಕು. ಲ ಮತ್ತು ರ ಅದಲುಬದಲಾಗುವುದನ್ನು ಕಂಡು ಗಾಬರಿಯಾಗಬೇಡ: ಒಂದು ಕೆಲಸ ಓಮುಲಿಮು, ಹಲವಾದರೆ ಎಮಿರಿಮು. ಎ, ಇ ಸ್ವರ ಆದ ಮೇಲೆ ಬಂದ ಲ ಅವರ ಬಾಯಲ್ಲಿ ರ ಆಗುತ್ತದೆ. ನಿಘಂಟಿನಲ್ಲಿ ಮಾತು ಸಿಗದಿದ್ದರೆ ಅದರ ಮೊದಲ ತುಂಡು ಕಳಚಿ ಹುಡುಕು. ಓಮುಸಾವೊ ಡಾಕ್ಟರ್, ಅಬಸಾವೊ ಡಾಕ್ಟರುಗಳು, ಎರಡರ ಬುಡವೂ ಸಾವೊ. ನಮ್ಮ ಭಾಷೆಗಳಲ್ಲಿ ಬಾಲ ಬದಲಾಗುತ್ತದೆ, ಅಲ್ಲಿ ತಲೆ. ಈ ಪಾಠವನ್ನೆಲ್ಲ ನೀನು ಕೇಳಿರಲಿಲ್ಲ, ಮುದುಕನಿಗೆ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ನಾನೂ ಇದನ್ನು ಕಲಿತದ್ದು ಬಂದ ಮೇಲೆ, ಹಳೆಯ ಪುಸ್ತಕ ನೋಡಿ. ಯಾರ ಹತ್ತಿರ ಆಡಲಿಕ್ಕೆ ಎಂದು ನಿನ್ನ ದೊಡ್ಡಮ್ಮ ನಗುತ್ತಿದ್ದಳು.

ಆ ಅಜ್ಜಿ ಇನ್ನೂ ವಾರ್ಡಿನಲ್ಲಿದ್ದರೆ ಅವಳ ಹತ್ತಿರವೇ ಹೋಗಿ ಗಂಟೆ ಎಣಿಸಲು ಕಲಿ. ಅವಳು ನಗುತ್ತಾಳೆ, ಪಕ್ಕದ ಮಂಚದವರೂ ನಗುತ್ತಾರೆ. ನಗಲಿ. ಮಾತ್ರೆಯ ಲಕೋಟೆಯ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಕೊಡಬಹುದೇನೋ ಎಂದೂ ತೋಚಿತು. ಈಗಿನ ಆಸ್ಪತ್ರೆಗಳಲ್ಲಿ ಅದಕ್ಕೆಲ್ಲ ಅಚ್ಚಾದ ಲೇಬಲ್ ಇರುತ್ತದೋ ಏನೋ, ನಿನ್ನ ಸಿಸ್ಟರನ್ನು ಕೇಳಿಯೇ ಮಾಡು. ಅವರು ಬೇಡ ಎಂದರೆ ಬೇಡ.

ನಿನ್ನ ಅಪ್ಪನಿಗೆ ಇದೊಂದನ್ನೂ ಹೇಳಿಲ್ಲ.

ಇಂತು ನಿನ್ನ
ದೊಡ್ಡಪ್ಪ