ಪೇಟೆಗೆ ಬಂದ ಕೇಂದ್ರಕ್ಕೆ ಕ್ಯಾಂಪಸ್ಸಿನ ಗಡಿಯಾರ ಬೇಡ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ನಗರದ ನಡುಪೇಟೆಯಲ್ಲಿ ಉದ್ಯಮಶೀಲತಾ ಕೇಂದ್ರ ತೆರೆಯುವ ಸುದ್ದಿಯ ಜೊತೆ ಗಾಜಿನ ಗೋಡೆಯ, ಬಣ್ಣದ ಕುರ್ಚಿಗಳ ಚಿತ್ರ ಇದ್ದೇ ಇರುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬ ಮಾಹಿತಿ ಮಾತ್ರ ಸಿಗುವುದಿಲ್ಲ. ಕೇಂದ್ರದ ಹಣೆಬರಹ ಬಹುಪಾಲು ಅಲ್ಲೇ ಇದೆ.

ಕ್ಯಾಂಪಸ್ಸಿನಲ್ಲಿ ಇರುವ ಜಾಗ ಬಿಟ್ಟು ಪೇಟೆಯ ಬಾಡಿಗೆ ಕಟ್ಟುವುದು ಏಕೆ? ಆಗಲೇ ವ್ಯಾಪಾರಕ್ಕಿಳಿದವರು ಸುಲಭವಾಗಿ ಒಳಗೆ ಬರಲಿ ಎಂದು. ಅವರಿಗೆ ಹಗಲು ಪುರಸೊತ್ತಿಲ್ಲ. ಹತ್ತರಿಂದ ಐದರವರೆಗೆ ತೆರೆದು, ಪರೀಕ್ಷೆ ಮುಗಿಯುತ್ತಲೇ ಎರಡು ತಿಂಗಳು ಬೀಗ ಹಾಕಿದರೆ ಅದು ದುಬಾರಿ ಬಾಡಿಗೆಯ ಇನ್ನೊಂದು ತರಗತಿ ಕೋಣೆ, ಅಷ್ಟೆ. ಸಂಜೆ ಆರರಿಂದ ಒಂಬತ್ತು, ವಾರದ ರಜೆಯಲ್ಲಿ ಅರ್ಧ ದಿನ, ವರ್ಷದ ಹನ್ನೆರಡೂ ತಿಂಗಳು ತೆರೆದಿರಬೇಕು. ಸಲಹೆಗಾರರ ಹೊತ್ತು ಅರ್ಧ ಗಂಟೆಯ ಪಾಳಿಯಲ್ಲಿ ಮೊದಲೇ ಕಾಯ್ದಿರಿಸುವಂತಿರಲಿ. ಒಬ್ಬರಿಗೆ ಕನಿಷ್ಠ ಆರು ತಿಂಗಳು ಒಬ್ಬರೇ ಸಲಹೆಗಾರರಿರಲಿ. ಪ್ರತಿ ಸಲ ಹೊಸಬರ ಮುಂದೆ ಮೊದಲಿಂದ ಕಥೆ ಹೇಳುವುದರಲ್ಲೇ ಆ ಅರ್ಧ ಗಂಟೆ ಕಳೆದುಹೋಗುತ್ತದೆ.

ಇನ್‌ಕ್ಯುಬೇಟರ್ ಎಂಬ, ಹೊಸ ಉದ್ದಿಮೆಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಏರ್ಪಾಡು ಹುಟ್ಟಿದ್ದೇ ಬಾಡಿಗೆಯ ಲೆಕ್ಕಾಚಾರದಿಂದ. 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾದಲ್ಲಿ, ಮುಚ್ಚಿಹೋಗಿದ್ದ ಮ್ಯಾಸಿ-ಹ್ಯಾರಿಸ್ ಕಾರ್ಖಾನೆಯ ಭಾರೀ ಕಟ್ಟಡಕ್ಕೆ ಒಬ್ಬನೇ ಬಾಡಿಗೆದಾರ ಸಿಗದೆ, ಜೋಸೆಫ್ ಮಾನ್ಕೂಸೊ ಅದನ್ನು ತುಂಡು ಮಾಡಿ ಸಣ್ಣ ಉದ್ದಿಮೆಗಳಿಗೆ ಕೊಟ್ಟ. ಜೊತೆಗೆ ಕಚೇರಿಯ ನೆರವು, ವ್ಯವಹಾರದ ಸಲಹೆ. ಬಾಡಿಗೆದಾರರಲ್ಲಿ ಒಂದು ಕೋಳಿಮರಿ ಕಂಪನಿಯೂ ಇತ್ತು. ‘ಇನ್‌ಕ್ಯುಬೇಟರ್’ ಎಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ; ಆ ಹೆಸರು ಅಂಟಿಕೊಂಡದ್ದು ಈ ಮರಿಗಳ ದೆಸೆಯಿಂದ!

ಕಲಿಸುವ ವಿಷಯಗಳಲ್ಲಿ ಮೊದಲ ಸ್ಥಾನ ಸಿಗಬೇಕಾದದ್ದು ನಗದಿನ ಲೆಕ್ಕಕ್ಕೆ. ಸರಕು ಗೋದಾಮಿನಲ್ಲಿ 30 ದಿನ ಕೂರುತ್ತದೆ, ಗಿರಾಕಿ 45 ದಿನ ಉದ್ರಿ ಕೇಳುತ್ತಾನೆ, ನಮಗೆ ಸರಕು ಕೊಟ್ಟವನು 15 ದಿನವಷ್ಟೇ ಕಾಯುತ್ತಾನೆ ಎಂದುಕೊಳ್ಳಿ. 30ಕ್ಕೆ 45 ಕೂಡಿಸಿ 15 ಕಳೆದರೆ ಉಳಿಯುವ 60 ದಿನಗಳ ಹಣವನ್ನು ಕೈಯಿಂದ ಹಾಕಬೇಕು. ವ್ಯಾಪಾರ ಇಮ್ಮಡಿಯಾದರೆ ಸಿಕ್ಕಿಕೊಳ್ಳುವ ಹಣವೂ ಇಮ್ಮಡಿ. ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ ಸಂಬಳಕ್ಕೆ ದುಡ್ಡಿಲ್ಲದೆ ಬಾಗಿಲು ಮುಚ್ಚುವುದು ಹೀಗೆ. ಸರಕು ತಲುಪಿಸಿದ ದಿನವೇ ಬಿಲ್ ಮಾಡದೆ ತಿಂಗಳ ಕೊನೆಗೆ ಒಟ್ಟಿಗೆ ಮಾಡುವವರು ಸರಾಸರಿ ಇನ್ನೊಂದು 15 ದಿನವನ್ನು ತಾವೇ ಮೈಮೇಲೆ ಎಳೆದುಕೊಳ್ಳುತ್ತಾರೆ. ಮುಂದಿನ 13 ವಾರಗಳ ನಗದು ಪಟ್ಟಿಯನ್ನು ಪ್ರತಿ ವಾರ ತಿದ್ದಿ ಬರೆಸುವುದು ಯಾವ ಭಾಷಣಕ್ಕಿಂತಲೂ ಉಪಯುಕ್ತ. ಅದರಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ: ಹಣ ಕೈಗೆ ಬರುವ ವಾರದ ಬದಲು ಬಿಲ್ ಹಾಕಿದ ವಾರದಲ್ಲಿ ಜಮಾ ತೋರಿಸುತ್ತಾರೆ.

ಗಿರಾಕಿಗಳನ್ನು ಮಾತಾಡಿಸುವ ಪಾಠವೂ ಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಆರಂಭಿಸಿದ ಐ-ಕೋರ್ ತರಬೇತಿಯಲ್ಲಿ ಪ್ರತಿ ತಂಡವೂ ಏಳು ವಾರಗಳಲ್ಲಿ ನೂರು ಸಂದರ್ಶನ ಮಾಡಬೇಕೆಂಬ ಗುರಿ ಇದೆ. ಪೇಟೆಯ ಕೇಂದ್ರಕ್ಕೆ ಇದು ಬಾಗಿಲಾಚೆಯ ಕೆಲಸ. ‘ಇಂಥದ್ದು ಬಂದರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಎಲ್ಲರೂ ದಾಕ್ಷಿಣ್ಯಕ್ಕೆ ‘ಹೌದು’ ಎನ್ನುತ್ತಾರೆ. ‘ಹೋದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು?’ ಎಂದೇ ಕೇಳಬೇಕು.

ಡೆಮೊ ಡೇ, ಅಂದರೆ ಹೊಸ ಉದ್ದಿಮೆಗಳು ತಮ್ಮ ಸಾಧನವನ್ನು ಬಂಡವಾಳಗಾರರ ಮುಂದೆ ತೋರಿಸುವ ದಿನದ ಬಗ್ಗೆ ಒಂದು ಎಚ್ಚರಿಕೆ. ಪೇಟೆಂಟ್ ಅರ್ಜಿ ಹಾಕುವ ಮೊದಲೇ ಸಾಧನದ ಒಳಗುಟ್ಟನ್ನು ಸಾರ್ವಜನಿಕ ವೇದಿಕೆಯಲ್ಲಿ ಬಿಚ್ಚಿಟ್ಟರೆ ಹಲವು ದೇಶಗಳಲ್ಲಿ ಹಕ್ಕೇ ಹೋಗುತ್ತದೆ. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ; ಯುರೋಪಿನಲ್ಲಿ ಬಹುತೇಕ ಇಲ್ಲ. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿಗೆ ಅವಕಾಶವಿರುವಲ್ಲಿ ಮೊದಲು ಅದನ್ನು ಹಾಕಿ, ಆಮೇಲೆ ವೇದಿಕೆ ಹತ್ತಲಿ. ಪೂರ್ಣ ಅರ್ಜಿಗೆ ಸಾಮಾನ್ಯವಾಗಿ 12 ತಿಂಗಳು ಸಿಗುತ್ತದೆ. ವಿಶ್ವವಿದ್ಯಾಲಯದ ಪ್ರಯೋಗಾಲಯ ಬಳಸಿದ್ದರೆ ಹಕ್ಕು ಯಾರದ್ದು, ಸ್ವಂತ ಲ್ಯಾಪ್‌ಟಾಪಿನಲ್ಲಿ ರಾತ್ರಿ ಕೂತು ಮಾಡಿದ್ದರೆ ಯಾರದ್ದು ಎಂಬುದು ಕೇಂದ್ರಕ್ಕೆ ಸೇರುವ ದಿನವೇ ಬರಹದಲ್ಲಿರಬೇಕು.

ಪಾಲುದಾರರ ನಡುವೆಯೂ ಹಾಗೆಯೇ. ಇಬ್ಬರು ಗೆಳೆಯರು ಅರ್ಧರ್ಧ ಹಂಚಿಕೊಂಡು, ಮೂರನೇ ತಿಂಗಳಲ್ಲಿ ಒಬ್ಬ ನೌಕರಿ ಸಿಕ್ಕಿತೆಂದು ಹೊರಟರೆ ಅರ್ಧ ಕಂಪನಿ ಅವನ ಜೇಬಿನಲ್ಲೇ ಉಳಿಯುತ್ತದೆ. ಮುಂದೆ ಬಂಡವಾಳ ಹಾಕುವವರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಇದಕ್ಕೆ ಮದ್ದು ವೆಸ್ಟಿಂಗ್, ಅಂದರೆ ಕಂಪನಿಯಲ್ಲಿ ಉಳಿದಷ್ಟು ಕಾಲಕ್ಕೆ ತಕ್ಕಂತೆ ಪಾಲು ಕೈಸೇರುವ ಒಪ್ಪಂದ. ಅದು ನಾಲ್ಕು ವರ್ಷದ್ದಾದರೆ, ಮೊದಲ ವರ್ಷ ತುಂಬುವ ತನಕ ಏನೂ ಇಲ್ಲ, ತುಂಬಿದಾಗ ಕಾಲು ಭಾಗ, ಆಮೇಲೆ ತಿಂಗಳಿಗೆ 48ರಲ್ಲೊಂದು ಪಾಲು.

ಕಟ್ಟಡದ ವಿಷಯ: ನೆಲಮಹಡಿ, ಫೋನಿನಲ್ಲಿ ಮಾತಾಡಲು ಬಾಗಿಲು ಮುಚ್ಚುವ ಎರಡು ಪುಟ್ಟ ಕೋಣೆ, ಸರಕಿಡಲು ಜಾಗ. ಉದ್ದಿಮೆಗಳು ಕೇಂದ್ರಕ್ಕೆ ಕೊಡುವ ಬಾಡಿಗೆ ಆರು ತಿಂಗಳಿಗೊಮ್ಮೆ ಮೆಟ್ಟಿಲೇರಿ ಎರಡು ವರ್ಷದ ಹೊತ್ತಿಗೆ ಪೇಟೆಯ ದರ ಮುಟ್ಟಲಿ. ಇಲ್ಲದಿದ್ದರೆ ಮೊದಲು ಬಂದವರು ಕದಲುವುದಿಲ್ಲ, ಹೊಸಬರಿಗೆ ಮೇಜು ಸಿಗುವುದಿಲ್ಲ.

ವಾರ್ಷಿಕ ವರದಿಯಲ್ಲಿ ಎಷ್ಟು ಕಾರ್ಯಾಗಾರ, ಎಷ್ಟು ಜನ ಬಂದರು ಎಂಬ ಅಂಕಿಗಳ ಜಾಗದಲ್ಲಿ ಮೂರು ಲೆಕ್ಕ ಕೊಡಲಿ: ಎಷ್ಟು ಮಂದಿಗೆ ಮೊದಲ ಗಿರಾಕಿಯ ಹಣ ಬಂತು, ಎಷ್ಟು ಉದ್ದಿಮೆಗಳು ಮೂರು ವರ್ಷದ ಮೇಲೂ ಸಂಬಳ ಕೊಡುತ್ತಿವೆ, ಎಷ್ಟು ಜನ ಸಾಲ ಮಾಡುವ ಮೊದಲೇ ‘ಇದು ನಡೆಯದು’ ಎಂದು ತಿಳಿದು ಕೈಬಿಟ್ಟರು. ಮೂರನೆಯದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಸೋಲು ಎಂದುಕೊಂಡು. ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿಸಬೇಕು.

– ಓದುಗರು