ಎದುರು ವಕೀಲರೂ ನಾಳೆ ಎದುರಿಗೆ ಸಿಗುವವರೇ

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ನೋಟೀಸಿನ ಉತ್ತರದ ಕರಡು ಓದಿದೆ. ಬಾಡಿಗೆ ರಸೀದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದು ಚೆನ್ನಾಗಿದೆ. ಆದರೆ ಎದುರು ವಕೀಲರನ್ನು "ಕಕ್ಷಿದಾರನ ಸುಳ್ಳಿಗೆ ಪಾಲುದಾರ" ಅಂತ ಬರೆದಿದ್ದೀಯಲ್ಲ, ಅದು ಯಾಕೆ ಬೇಕಿತ್ತು? ನಿನ್ನ ಕಕ್ಷಿದಾರರು ಓದಿ ಖುಷಿಪಡಲಿ ಅಂತ ತಾನೇ? ಇದೇ ಕಾಗದ ಮುಂದೆ ಬಾಡಿಗೆ ತಕರಾರು ಕೇಳುವ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಜಡ್ಜ್ ಕೈಗೂ ಹೋಗಬಹುದು. ರಸೀದಿಗಿಂತ ಮೊದಲು ಅವರ ಕಣ್ಣು ಈ ಸಾಲಿನ ಮೇಲೆ ಬೀಳುತ್ತದೆ.

ವಕೀಲರ ನಡತೆಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿದ ನಿಯಮಗಳನ್ನು ಪರೀಕ್ಷೆಗೆ ಓದಿ ಮರೆತಿರುತ್ತೀಯ. 4ನೇ ನಿಯಮ ಇನ್ನೊಮ್ಮೆ ನೋಡು. ವಕೀಲ ಬರೀ ಕಕ್ಷಿದಾರನ ಬಾಯಿಯಾಗಬಾರದು, ಪತ್ರ ಬರೆಯುವಾಗಲೂ ಮಾತು ಹಿಡಿತದಲ್ಲಿರಬೇಕು ಅಂತ ಅಲ್ಲಿ ಸ್ಪಷ್ಟವಾಗಿದೆ.

ಮುಂಬಯಿಯಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ನಿನ್ನ ಕೇಸಿನ ಎದುರು ಪಕ್ಷದ ಮನೆಮಾಲೀಕರೂ ಉಡುಪಿ ಕಡೆಯವರೇ. ಸಂಘದ ಯಕ್ಷಗಾನಕ್ಕೆ ಹೋದರೆ ಪಕ್ಕದ ಕುರ್ಚಿಯಲ್ಲಿ ಸಿಗುತ್ತಾರೆ. "ವಕೀಲರೆಲ್ಲ ಯಾಕಮ್ಮಾ, ನಾವೇ ಕೂತು ಮುಗಿಸೋಣ" ಅನ್ನುತ್ತಾರೆ. ಮಾತು ಸಿಹಿಯಾಗಿಯೇ ಇರುತ್ತದೆ. ಆದರೆ ಅವರಿಗೆ ವಕೀಲರಿದ್ದಾರೆ. ಕೇಸಿನ ವಿಷಯ ಅವರ ವಕೀಲರ ಮೂಲಕವೇ ಮಾತಾಡಬೇಕು, 34ನೇ ನಿಯಮ ಅದನ್ನೇ ಹೇಳುತ್ತದೆ. ಊಟ ಆಯಿತಾ ಅಂತ ಕೇಳು, ಮಕ್ಕಳ ಮದುವೆ ಸುದ್ದಿ ಕೇಳು. ರಾಜಿ ಮಾತು ಬಂದರೆ, "ನಿಮ್ಮ ವಕೀಲರಿಗೆ ಹೇಳಿ, ನಾನು ಅವರ ಜೊತೆ ಮಾತಾಡ್ತೇನೆ" ಅಂದುಬಿಡು. ಜಂಬದವಳು ಅಂದುಕೊಂಡರೆ ಅಂದುಕೊಳ್ಳಲಿ.

ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಎದುರು ವಕೀಲರು ಕುರ್ಲಾದಲ್ಲಿ ಸಿಕ್ಕಿಬಿದ್ದರು ಅಂತಿಟ್ಟುಕೋ. ಫೋನಿನಲ್ಲಿ ನೀನು "ಬೇರೆ ತಾರೀಖಿಗೆ ನನ್ನ ಅಡ್ಡಿಯಿಲ್ಲ" ಅಂದೆ. ಪಕ್ಕದಲ್ಲಿರುವ ಕಕ್ಷಿದಾರರು, "ಬರೆದುಕೊಟ್ಟಿಲ್ಲವಲ್ಲ, ಅವರಿಲ್ಲದೆಯೇ ಆರ್ಡರ್ ತಗೊಳ್ಳಿ" ಅಂತ ಕಿವಿಯಲ್ಲಿ ಊದುತ್ತಾರೆ. ಬಗ್ಗಬೇಡ. ಎದುರು ಪಕ್ಷಕ್ಕೆ ಕೊಟ್ಟ ನ್ಯಾಯವಾದ ಮಾತು ಬರಹದಲ್ಲಿ ಇಲ್ಲದಿದ್ದರೂ ಉಳಿಸಿಕೊಳ್ಳಲು ನೋಡಬೇಕು ಅಂತ 35ನೇ ನಿಯಮವೇ ಇದೆ. ಕಕ್ಷಿದಾರರು ಈ ಕೇಸು ಮುಗಿದರೆ ಹೋಗುತ್ತಾರೆ. ಆ ವಕೀಲರು ಮುಂದಿನ ಕೇಸಿನಲ್ಲೂ ಸಿಗುತ್ತಾರೆ.

ಹಾಗಂತ ವಾದ ಮೆತ್ತಗೆ ಮಾಡು ಅಂತಲ್ಲ. ಪಾಟೀ ಸವಾಲಿನಲ್ಲಿ ಸಾಕ್ಷಿಯನ್ನು ಬಿಡಬೇಡ. ಎಷ್ಟು ಬೇಕಾದರೂ ಕೇಳು, ಗಂಟಲು ಏರಿಸದೆ ಕೇಳು.

ಫೀ ಬಾಕಿ ಇಟ್ಟವರ ಫೈಲ್ ಕೊಡುವುದಿಲ್ಲ ಅಂದಿದ್ದೀಯಂತೆ, ನಿನ್ನ ಅಮ್ಮ ಹೇಳಿದಳು. ತಪ್ಪು. ಫೀಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಹೇಳಿದೆ. ದೂರು ಹೋದರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ವಕೀಲಿ ಸನ್ನದಿಗೇ ಕುತ್ತು ಬರಬಹುದು. ನಾಳೆಯೇ ಫೈಲ್ ಕೊಟ್ಟು, ಸಹಿ ಹಾಕಿಸಿಕೊಂಡು ರಸೀದಿ ತಗೋ. ಬಾಕಿ ಹಣಕ್ಕೆ ಬೇರೆ ನೋಟೀಸು ಕಳಿಸು. ಅದರ ಕರಡನ್ನೂ ಮೊದಲು ನನಗೆ ತೋರಿಸು.

ಇಂತಿ,
ನಿನ್ನ ಮಾವ